ಅಟ್ಟದ ಮೇಲಿನ 486 ಮತ್ತು ಇಲ್ಲದ ಖಾತೆ

ಸಾಗರದಲ್ಲಿ ನಮ್ಮ ಸೋದರಮಾವನ ಅಡಿಕೆ ಮಂಡಿ ಇದೆ. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಒಬ್ಬ ಹುಡುಗ ಬಂದ. ಕೈಯಲ್ಲಿ ಒಂದು ಹಳೇ ಚೀಟಿ. ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದಾಗ ಸಿಕ್ಕಿದ್ದಂತೆ. ಮಂಡಿಯ ಹೆಸರು, 2001ರ ತಾರೀಕು, 'ಮುಂಗಡ 40,000' ಎಂದು ಮಾವನದೇ ಅಕ್ಷರ. ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳುತ್ತಿದ್ದರು. ಅಪ್ಪನ ಈ ಸಾಲ ತೀರಿದೆಯೋ ಇಲ್ಲವೋ ಗೊತ್ತಾಗದೆ ಪಾಲು ಅಲ್ಲಿಗೇ ನಿಂತಿತ್ತು.

ಮಾವನಿಗೆ ಆ ರೈತರ ಮುಖ ನೆನಪಿದೆ. ಅವರು ತರುತ್ತಿದ್ದ ಅಡಿಕೆಯ ಬಣ್ಣವೂ ನೆನಪಿದೆ. ಲೆಕ್ಕ ಮಾತ್ರ ನೆನಪಿಲ್ಲ. 2009ರಿಂದ ಈಚೆಗಿನ ಲೆಕ್ಕವೆಲ್ಲ ಹೊಸ ಸಾಫ್ಟ್‌ವೇರಿನಲ್ಲಿದೆ. ಅದಕ್ಕೆ ಹಿಂದಿನ ಹದಿನೈದು ವರ್ಷದ್ದು ಅಟ್ಟದ ಮೇಲಿನ ಕಂಪ್ಯೂಟರಿನಲ್ಲಿ. ಕಿರ್ದಿ ಪುಸ್ತಕಗಳನ್ನು ಗೆದ್ದಲು ಯಾವತ್ತೋ ಮುಗಿಸಿದೆ.

ಮಾವ ಫೋನ್ ಮಾಡಿದರು. "ನೀನು ಬೆಂಗಳೂರಲ್ಲಿ ಅದೇ ಕೆಲಸ ಮಾಡೋದಲ್ವೇನೋ? ಒಂದ್ಸಲ ಬಂದು ನೋಡು."

ನಾನು ಮಾಡುವುದು ಅದೇ ಕೆಲಸ ಅಲ್ಲ. ಆದರೆ ಮಾವನಿಗೆ ಕಂಪ್ಯೂಟರ್ ಅಂದರೆ ಎಲ್ಲ ಒಂದೇ. ಹೋದೆ. ನಾಲ್ಕು ವಾರದ ಶನಿವಾರ, ಭಾನುವಾರ ಅದರಲ್ಲೇ ಕಳೆಯಿತು. ಇಂಥ ಪೆಟ್ಟಿಗೆಗಳು ಇನ್ನೂ ಎಷ್ಟೋ ಮನೆ, ಮಂಡಿ, ಸೊಸೈಟಿಗಳ ಅಟ್ಟದ ಮೇಲೆ ಕೂತಿರುತ್ತವೆ. ಅದಕ್ಕೇ ಏನೇನಾಯಿತು ಅಂತ ಒಂದು ಕಡೆಯಿಂದ ಬರೆದಿಡುತ್ತಿದ್ದೇನೆ, ನಾನು ಎಡವಿದ್ದನ್ನೂ ಸೇರಿಸಿ.

ಪೆಟ್ಟಿಗೆಯಲ್ಲಿ ಏನಿತ್ತು

1994ರಲ್ಲಿ ಕೊಂಡ, 486 ಚಿಪ್ಪಿನ ಕಂಪ್ಯೂಟರ್ ಅದು. ಲೆಕ್ಕದ ಪ್ರೋಗ್ರಾಂ ಬರೆದವನು ಶಿವಮೊಗ್ಗದ ಒಬ್ಬ ಪಾಲಿಟೆಕ್ನಿಕ್ ಹುಡುಗ. ಆಮೇಲೆ ಅವನು ಎಲ್ಲಿ ಹೋದನೋ ಮಾವನಿಗೂ ಗೊತ್ತಿಲ್ಲ. ವಿಂಡೋಸ್‌ಗೆ ಮುಂಚಿನ ಡಾಸ್ ಮೇಲೆ ಫಾಕ್ಸ್‌ಪ್ರೋ 2.6 ಎಂಬ ಡೇಟಾಬೇಸ್, ಅದರಲ್ಲಿ ರೈತರ ಖಾತೆ, ತೂಕ, ದಲಾಲಿ, ಹಮಾಲಿ, ಮುಂಗಡ. ರೈತರಿಗೆ ಕೊಡುವ ಪಟ್ಟಿ ಪ್ರಿಂಟ್ ಮಾಡಲು ಮಾತ್ರ ಬೇರೊಂದು ಸಣ್ಣ ಪ್ರೋಗ್ರಾಂ. ಅದನ್ನು ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದಿದ್ದ.

ಎಲ್ಲವೂ ಕನ್ನಡದಲ್ಲಿ. ಇದು ಆ ಕಾಲಕ್ಕೆ ಸಣ್ಣ ಮಾತಲ್ಲ. ಡಾಸ್‌ಗೆ ಕನ್ನಡ ಅಂದರೇನು ಅಂತಲೇ ಗೊತ್ತಿಲ್ಲ. ದೊಡ್ಡ ಆಫೀಸುಗಳಲ್ಲಿ ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿಸುತ್ತಿದ್ದರು. ಕಂಪ್ಯೂಟರಿನೊಳಗೆ ಸಿಕ್ಕಿಸುವ ಕಾರ್ಡ್ ಅದು, ಭಾರತದ ಎಷ್ಟೋ ಲಿಪಿಗಳನ್ನು ತೋರಿಸುತ್ತಿತ್ತು. ಮಂಡಿಗೆ ಅದರ ಬೆಲೆ ಎಟುಕಲಿಲ್ಲ. ಆದರೆ ಇಂಗ್ಲಿಷ್ ಪಟ್ಟಿ ಕೊಟ್ಟರೆ ರೈತರು "ಇದೇನು ಬರೆದಿದ್ದೀರೋ ನಮಗೇನು ಗೊತ್ತು" ಅನ್ನುತ್ತಿದ್ದರಂತೆ. ಹುಡುಗ ತಾನೇ ಏನೋ ಒಂದು ಉಪಾಯ ಮಾಡಿದ್ದ. ಆ ಉಪಾಯ ಏನು ಅಂತ ಮಾವನಿಗೆ ಗೊತ್ತಿರಲಿಲ್ಲ. ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು.

ಪೆಟ್ಟಿಗೆ ಬಿಚ್ಚಿದೆ. ಮದರ್‌ಬೋರ್ಡಿನ ಮೂಲೆಯಲ್ಲಿ ನೀಲಿ ಪೀಪಾಯಿಯಂಥ ಪುಟ್ಟ ಬ್ಯಾಟರಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳೆಲ್ಲ ಹಸಿರುಗಟ್ಟಿದ್ದವು. ಆ ಕಾಲದ ಬೋರ್ಡುಗಳು ಸಾಯುವುದೇ ಹಾಗೆ. ಪವರ್ ಕೊಟ್ಟು ನೋಡುವ ಆಸೆಯಾಯಿತು, ಕೊಡಲಿಲ್ಲ. ಹಾರ್ಡ್‌ಡಿಸ್ಕ್ ಒಂದನ್ನೇ ಬಿಚ್ಚಿಕೊಂಡೆ. 540 ಎಂಬಿ. ಇವತ್ತು ಮದುವೆ ವಿಡಿಯೋದ ಒಂದು ತುಣುಕೂ ಅದರಲ್ಲಿ ಹಿಡಿಸುವುದಿಲ್ಲ.

ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿದರೆ ಡಿಸ್ಕ್ ಗುರ್ ಅಂತ ತಿರುಗಿತು, ಲ್ಯಾಪ್‌ಟಾಪ್ ಅದನ್ನು ಗುರುತಿಸಲೇ ಇಲ್ಲ. ಈಗಿನ ಅಡಾಪ್ಟರುಗಳು ಡಿಸ್ಕಿನ ಜಾಗಗಳನ್ನು ಒಂದೇ ಸಾಲಿನ ನಂಬರಿನಲ್ಲಿ ಕೇಳುತ್ತವೆ. ಹಳೇ ಡಿಸ್ಕುಗಳಲ್ಲಿ ಕೆಲವಕ್ಕೆ ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಮೂರು ಭಾಗ ಮಾಡಿ ಹೇಳಿದರೆ ಮಾತ್ರ ತಿಳಿಯುತ್ತದೆ. ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ಇಂಥ ಡಿಸ್ಕ್ ನೇರವಾಗಿ ಸಿಕ್ಕಿಸುವ ಐಡಿಇ ಪೋರ್ಟ್ ಇರುವ ಹಳೇ ಡೆಸ್ಕ್‌ಟಾಪ್ ಸಿಕ್ಕಿತು. ಅದನ್ನು ಪೆನ್‌ಡ್ರೈವಿನ ಲಿನಕ್ಸ್‌ನಿಂದ ಎಬ್ಬಿಸಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನಲ್ಲಿ ಡಿಸ್ಕಿನ ಪೂರ್ತಿ ನಕಲು ತೆಗೆದೆ. ಓದಲು ಬಂದ ಜಾಗವನ್ನೆಲ್ಲ ಅದು ಮೊದಲು ಬಾಚಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬಂದು ಮತ್ತೆ ಮತ್ತೆ ಕೆದಕುತ್ತದೆ. ಕೊನೆಗೆ ಓದಲು ಬಾರದೆ ಉಳಿದದ್ದು ಬೆರಳೆಣಿಕೆಯಷ್ಟು ಸೆಕ್ಟರ್, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಣುಕು. ಖಾತೆಯ ಫೈಲುಗಳೆಲ್ಲ ಬಂದಿದ್ದವು. ಖುಷಿಯಾಯಿತು. ಹೋದದ್ದು ಏನು ಅಂತ ಮಾತ್ರ ಆಗ ನೋಡಲಿಲ್ಲ.

ಅಲ್ಲಿಂದ ಮುಂದೆ ಅಸಲಿ ಡಿಸ್ಕನ್ನು ಮುಟ್ಟಲಿಲ್ಲ. ಏನೇ ಮಾಡಿದರೂ ನಕಲಿನ ನಕಲಿನ ಮೇಲೆ. ಇದೊಂದನ್ನು ಸರಿಯಾಗಿ ಮಾಡಿದೆ.

ವಿಂಡೋಸ್ ಯಾಕೆ ಒಪ್ಪಲಿಲ್ಲ

ಮಾವನ ಹೊಸ ಕಂಪ್ಯೂಟರಿನಲ್ಲಿ ಪ್ರೋಗ್ರಾಮಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ 'ಇದು ನಿಮ್ಮ ಪಿಸಿಯಲ್ಲಿ ರನ್ ಆಗುವುದಿಲ್ಲ' ಎಂಬ ಪೆಟ್ಟಿಗೆ ಬಂತು, ಅಷ್ಟೆ. ಮಾವ ಕೇಳಿದ್ದು ನ್ಯಾಯವಾಗಿಯೇ ಇತ್ತು: "ಹಳೇ ಸ್ಕೂಟರ್ ಓಡಿಸಿದವನಿಗೆ ಹೊಸದು ಬರಲ್ವಾ? ಇದಕ್ಯಾಕೆ ಬರಲ್ಲ?"

ಡಾಸ್ ಪ್ರೋಗ್ರಾಂ ತಾನೊಬ್ಬನೇ ಇಡೀ ಯಂತ್ರದ ಯಜಮಾನ ಅಂದುಕೊಂಡಿರುತ್ತದೆ. ವಿಂಡೋಸ್ ಒಳಗೆ ಅದಕ್ಕೆ ಆ ಭ್ರಮೆ ಉಳಿಸಿಕೊಡಲು 386 ಚಿಪ್ಪಿನಿಂದ ಈಚೆಗೆ ಒಂದು ಸೌಲಭ್ಯ ಇತ್ತು, ವರ್ಚುಯಲ್ 8086 ಮೋಡ್ ಅಂತ. ಚಿಪ್ 64 ಬಿಟ್ ಮೋಡ್‌ನಲ್ಲಿ ಕೆಲಸ ಮಾಡುವಾಗ ಆ ಸೌಲಭ್ಯ ಇಲ್ಲ. 64 ಬಿಟ್ ವಿಂಡೋಸ್‌ನಿಂದ ಡಾಸ್ ಪ್ರೋಗ್ರಾಂ ನಡೆಸುವ ಭಾಗವನ್ನು ಮೈಕ್ರೋಸಾಫ್ಟ್ ಕೈಬಿಟ್ಟಿತು. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಅದಿನ್ನೂ ಇತ್ತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಉಳಿದ ದಾರಿ ಎಮ್ಯುಲೇಟರ್. ಹಳೇ ಚಿಪ್ಪಿನ ಒಂದೊಂದು ಆದೇಶವನ್ನೂ ಓದಿ, ಆ ಚಿಪ್ ಏನು ಮಾಡುತ್ತಿತ್ತೋ ಅದನ್ನೇ ತಾನು ಮಾಡಿ ತೋರಿಸುವ ಪ್ರೋಗ್ರಾಂ. ಡಾಸ್‌ಬಾಕ್ಸ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 2002ರಲ್ಲಿ ಮೊದಲು ಬಂತು. ಮುಖ್ಯವಾಗಿ ಹಳೇ ಆಟಗಳನ್ನು ಆಡಲು ಮಾಡಿದ್ದು. ತನ್ನದೇ ಒಂದು ಡಾಸ್ ಅದರೊಳಗೇ ಇರುವುದರಿಂದ ಬೇರೆ ಡಾಸ್ ಹುಡುಕಬೇಕಿಲ್ಲ.

ಮಂಡಿಯ ಫೋಲ್ಡರನ್ನು ಅದಕ್ಕೆ ಸಿ ಡ್ರೈವ್ ಅಂತ ತೋರಿಸಿ ಪ್ರೋಗ್ರಾಂ ಎಬ್ಬಿಸಿದೆ. ಎರಡೇ ಸೆಕೆಂಡಿಗೆ ನೀಲಿ ಸ್ಕ್ರೀನ್. ಮಾವ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಆದರೆ ಮೇಲೆ 'ಖಾತೆ' ಅಂತ ಇರಬೇಕಾದ ಜಾಗದಲ್ಲಿ ಇದ್ದದ್ದು ಹೀಗೆ:

╠≡╬±

ಮೆನು ಪೂರ್ತಿ ಹಾಗೇ. ಮೂಲೆ, ಗೆರೆ, ಗ್ರೀಕ್ ಅಕ್ಷರ, ಗಣಿತದ ಚಿಹ್ನೆ. ಲೆಕ್ಕದ ಅಂಕಿಗಳು ಮಾತ್ರ ಸರಿಯಾಗಿದ್ದವು.

ಆಶ್ಚರ್ಯ ಅಂದರೆ ಮಾವನಿಗೆ ಅದರಿಂದ ತೊಂದರೆಯೇ ಆಗಲಿಲ್ಲ. ಓದದೆ, ಬೆರಳಿನ ನೆನಪಲ್ಲೇ ಕೀ ಒತ್ತುತ್ತಾ ಹೋದರು. 3, ಎಂಟರ್, 1, ಎಂಟರ್. ಹದಿನೈದು ವರ್ಷದ ಅಭ್ಯಾಸ ಹಾಗೇ ಇತ್ತು. ಮುಂದಿನ ಖಾತೆಗೆ ಹೋಗಲು ಕಂಟ್ರೋಲ್ ಮತ್ತು ಎಫ್9 ಒತ್ತಿದರು. ಇಡೀ ಕಂಪ್ಯೂಟರ್ ಮಾಯ! ಡಾಸ್‌ಬಾಕ್ಸ್‌ನಲ್ಲಿ ಆ ಎರಡು ಕೀ ಒಟ್ಟಿಗೆ ಒತ್ತಿದರೆ ಎಮ್ಯುಲೇಟರೇ ಬಾಗಿಲು ಹಾಕಿಕೊಳ್ಳುತ್ತದೆ. ಡೇಟಾ ಬರೆಯುತ್ತಿರುವ ಹೊತ್ತಿಗೆ ಹಾಗಾದರೆ ಫೈಲ್ ಹಾಳಾಗುವುದೂ ಉಂಟು. ನಕಲಿನ ಮೇಲೆ ಆಡುತ್ತಿದ್ದರಿಂದ ಬಚಾವ್. ಆ ಕೀಯನ್ನು ಬೇರೆ ಕಡೆಗೆ ಬದಲಿಸಿದೆ.

ಎಂಟು ಚುಕ್ಕಿ, ಒಂಬತ್ತು ಚುಕ್ಕಿ

ಕನ್ನಡ ಎಲ್ಲಿ ಹೋಯಿತು? ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಹಳೇ ಕಂಪ್ಯೂಟರ್ ಆನ್ ಆದಾಗ ಆಟೋಎಕ್ಸೆಕ್ ಎಂಬ ಫೈಲಿನಲ್ಲಿರುವ ಸಾಲುಗಳನ್ನೆಲ್ಲ ಮೊದಲು ನಡೆಸುತ್ತಿತ್ತು. ಡಾಸ್‌ಬಾಕ್ಸ್‌ಗೆ ಒಂದು ಫೋಲ್ಡರ್ ತೋರಿಸಿದರೆ ಅದು ಆ ಫೈಲನ್ನು ತಾನಾಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಒಂದು ವಾರ ಬೆಂಗಳೂರಲ್ಲಿ ಕೂತು ಏನೇನೋ ಕೋಡ್‌ಪೇಜ್ (ಯಾವ ನಂಬರಿಗೆ ಯಾವ ಅಕ್ಷರ ಎಂಬ ಪಟ್ಟಿ) ಬದಲಿಸಿ ತಲೆ ಕೆಡಿಸಿಕೊಂಡ ಮೇಲೆ ಆ ಫೈಲ್ ತೆಗೆದೆ. ಆರೇ ಸಾಲು. ನಾಲ್ಕನೇ ಸಾಲಿನಲ್ಲಿ 'ಕನ್‌ಫಾಂಟ್' ಎಂಬ ಒಂದು ಪ್ರೋಗ್ರಾಂ.

ಡಿಸ್ಕಿನ ನಕಲಿನಲ್ಲಿ ಅದನ್ನು ಹುಡುಕಿದೆ. ಇತ್ತು, ಆದರೆ ಅರ್ಧಕ್ಕಿಂತ ಜಾಸ್ತಿ ಬರೀ ಸೊನ್ನೆ. ಬೆರಳೆಣಿಕೆಯ ಕೆಟ್ಟ ಸೆಕ್ಟರುಗಳು ಸರಿಯಾಗಿ ಅಲ್ಲೇ ಬಂದು ಕೂತಿದ್ದವು.

ಮಾವನಿಗೆ ಫೋನ್ ಮಾಡಿ ಫ್ಲಾಪಿ ಏನಾದರೂ ಇದೆಯಾ ಕೇಳಿದೆ. "ಇದಾವೆ, ಆದ್ರೆ ಬೂಸಲು ಹಿಡಿದಿದೆ" ಅಂದರು. ಮಲೆನಾಡಿನಲ್ಲಿ ಚಪ್ಪಲಿಗೇ ಬೂಸಲು ಬರುತ್ತದೆ, ಫ್ಲಾಪಿಯದೇನು ಮಹಾ. ಮೂರೂವರೆ ಇಂಚಿನ ಹದಿನಾಲ್ಕು ಫ್ಲಾಪಿ. ಒಂದರ ಮೇಲೆ ಇಂಕ್ ಪೆನ್ನಿನಲ್ಲಿ 'ಕನ್ನಡ' ಅಂತ. ಲೋಹದ ಬಾಗಿಲು ಸರಿಸಿ ನೋಡಿದರೆ ಕಂದು ತಟ್ಟೆಯ ಮೇಲೆ ಬಿಳಿ ಹೂವಿನ ಹಾಗೆ ಬೂಸಲು. ಹಾಗೇ ಡ್ರೈವಿಗೆ ಹಾಕಿದರೆ ಬೂಸಲು ಡ್ರೈವಿನ ಹೆಡ್ಡಿಗೆ ಮೆತ್ತಿ, ಮುಂದಿನ ಫ್ಲಾಪಿಯನ್ನೂ ಕೆರೆದು ಹಾಕುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಲ್ಲಿ, ತಟ್ಟೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಎರಡೂ ಕಡೆ ಒರೆಸಿದೆ. ಪೂರ್ತಿ ಒಣಗಲು ಬಿಟ್ಟೆ. ಹೊರಗೆ ಧೋ ಅಂತ ಮಳೆ. ಒಣಗಿಸಲು ಅತ್ತೆ ಅಡಿಕೆ ಬೇಯಿಸುವ ಒಲೆಯ ಪಕ್ಕ ಇಡು ಅಂದರು. ಬೇಡ ಅಂದೆ.

ಯುಎಸ್‌ಬಿ ಫ್ಲಾಪಿ ಡ್ರೈವ್ ಮೂರನೇ ಸಲಕ್ಕೆ ಓದಿತು. ಕನ್‌ಫಾಂಟ್ ಪೂರ್ತಿ ಬಂತು. ಡಾಸ್‌ಬಾಕ್ಸ್‌ನಲ್ಲಿ ಮೊದಲು ಅದನ್ನು ನಡೆಸಿ, ಆಮೇಲೆ ಮಂಡಿ ಪ್ರೋಗ್ರಾಂ ಎಬ್ಬಿಸಿದೆ. ಕನ್ನಡ! ಸ್ವಲ್ಪ ಒರಟು, ಸ್ವಲ್ಪ ಅಗಲ, ಆದರೆ 'ಖಾತೆ' ಅಂತ ಓದಲು ಬರುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿರುವ ಯಾವ ಕನ್ನಡ ಫಾಂಟಿಗೂ ಅದಕ್ಕೂ ಸಂಬಂಧ ಇಲ್ಲ. ಹಳೇ ಪ್ರೋಗ್ರಾಂ ತನ್ನ ಕನ್ನಡವನ್ನು ತಾನೇ ಹೊತ್ತು ತಂದಿತ್ತು.

ಹುಡುಗನ ಉಪಾಯ ಇಷ್ಟು. ಆ ಕಾಲದ ಪಿಸಿಗಳ ವಿಜಿಎ ಎಂಬ ಪರದೆ ವ್ಯವಸ್ಥೆಯಲ್ಲಿ ಬರೀ ಅಕ್ಷರ ತೋರಿಸುವ ಮೋಡ್ ಇದೆ. 256 ಅಕ್ಷರಗಳ ಚಿತ್ರ ಒಂದು ಸಣ್ಣ ಮೆಮೊರಿಯಲ್ಲಿರುತ್ತದೆ, ಒಂದೊಂದೂ ಎಂಟು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ. ಆ ಚಿತ್ರಗಳನ್ನು ಬದಲಿಸಲು ವಿಜಿಎ ಅವಕಾಶ ಕೊಡುತ್ತದೆ. ಮೊದಲ 128ರಲ್ಲಿ ಇಂಗ್ಲಿಷ್, ಅಂಕಿಗಳು. ಅವನ್ನು ಹಾಗೇ ಬಿಟ್ಟು, ಉಳಿದ 128 ಮನೆಗಳಲ್ಲಿ ಇಡೀ ಕನ್ನಡವನ್ನು ತುಂಬಿದ್ದ. ಫಾಕ್ಸ್‌ಪ್ರೋ ಶುರುವಾಗುವಾಗ ಪರದೆಯನ್ನು ಹೊಸದಾಗಿ ಸೆಟ್ ಮಾಡುತ್ತದೆ, ಆಗ ಹಳೇ ಇಂಗ್ಲಿಷ್ ಚಿತ್ರಗಳು ವಾಪಸ್ ಬರುತ್ತವೆ. ಅದಕ್ಕೇ ಕನ್‌ಫಾಂಟ್ ಮೆಮೊರಿಯಲ್ಲೇ ಕಾದು ಕೂತಿರುತ್ತದೆ. ಯಾರೇ ಪರದೆ ಸೆಟ್ ಮಾಡಿದರೂ ಹಿಂದೆಯೇ ತನ್ನ ಕನ್ನಡ ತಂದು ಹಾಕುತ್ತದೆ. ಡಾಸ್‌ಬಾಕ್ಸ್ ಈ ಪೂರ್ತಿ ಆಟವನ್ನು ಅಸಲಿ ಯಂತ್ರದ ಹಾಗೇ ಆಡಿಸಿತು.

ಫಾಂಟನ್ನು ಬಿಡಿಸಿ ನೋಡಿದ ಮೇಲೆ ಆ ಹುಡುಗನ ಮೇಲೆ ಗೌರವ ಬಂತು. ಕನ್ನಡದ ಅಕ್ಷರ ಎಂಟು ಚುಕ್ಕಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಒಂದೊಂದು ಅಕ್ಷರಕ್ಕೂ ಎರಡು ಮನೆ, ಎಡದ ಅರ್ಧ ಒಂದರಲ್ಲಿ, ಬಲದ ಅರ್ಧ ಇನ್ನೊಂದರಲ್ಲಿ. ಬಲದ ಅರ್ಧಗಳು ಎಷ್ಟೋ ಅಕ್ಷರಕ್ಕೆ ಒಂದೇ ಥರ ಇರುವುದರಿಂದ ಅವು ಕಡಿಮೆ ಸಾಕು. ಆದರೆ ಇನ್ನೊಂದು ತೊಡಕಿದೆ. ಚಿತ್ರ ಎಂಟು ಚುಕ್ಕಿಯದಾದರೂ ವಿಜಿಎ ಪರದೆಯಲ್ಲಿ ಒಂದು ಅಕ್ಷರಕ್ಕೆ ಕೊಡುವ ಜಾಗ ಒಂಬತ್ತು ಚುಕ್ಕಿ. ಒಂಬತ್ತನೆಯದು ಖಾಲಿ. ಇಂಗ್ಲಿಷಿಗೆ ಅದು ಒಳ್ಳೆಯದೇ, ಅಕ್ಷರಗಳು ಒಂದಕ್ಕೊಂದು ತಾಗುವುದಿಲ್ಲ. ಎರಡು ಮನೆಯಲ್ಲಿ ಹರಡಿದ ಕನ್ನಡಕ್ಕೆ ನಡುವೆ ಬಿರುಕು ಬಿಡುತ್ತದೆ.

192ರಿಂದ 223ರವರೆಗಿನ ಮನೆಗಳಿಗೆ ಮಾತ್ರ ಈ ನಿಯಮ ಬೇರೆ. ಗೆರೆ ಎಳೆಯುವ ಚಿಹ್ನೆಗಳಲ್ಲಿ ಹೆಚ್ಚಿನವು ಅಲ್ಲಿರುವುದರಿಂದ, ಗೆರೆ ತುಂಡಾಗದಿರಲಿ ಅಂತ ಎಂಟನೇ ಚುಕ್ಕಿಯನ್ನೇ ಒಂಬತ್ತಕ್ಕೂ ಎಳೆಯುತ್ತದೆ. ಅಂಥ ಮನೆಗಳು ಒಟ್ಟು 32. ಹುಡುಗ ಎಡದ ಅರ್ಧಗಳನ್ನೆಲ್ಲ ಸರಿಯಾಗಿ ಅಲ್ಲೇ ಕೂರಿಸಿದ್ದ. ಕನ್ನಡದ ವ್ಯಂಜನ 34. ಎರಡು ಜಾಸ್ತಿಯಾಯಿತಲ್ಲ? ಙ ಮತ್ತು ಞ ಎರಡನ್ನೂ ಕೈಬಿಟ್ಟಿದ್ದ. ಅಡಿಕೆ ಲೆಕ್ಕಕ್ಕೆ ಙ ಯಾಕೆ ಬೇಕು ಹೇಳಿ! 'ಜ್ಞಾ' ಬರೆಯಲು ಬೇಕಾಗುವ ಞ ಒತ್ತು ಮಾತ್ರ ಬೇರೆ ಕಡೆ ಇತ್ತು. ಒತ್ತಕ್ಷರಗಳನ್ನು ಕೆಳಗೆ ಕೂರಿಸಲು ಜಾಗ ಸಾಲದೆ ಪಕ್ಕದಲ್ಲಿ, ಸ್ವಲ್ಪ ಕುಗ್ಗಿಸಿ ಇಟ್ಟಿದ್ದ. ಮೊದಲ ಸಲ ಬಂದ ಆ ಮೂಲೆ, ಗೆರೆಗಳ ರಾಶಿ ಯಾಕೆ ಹಾಗಿತ್ತು ಅಂತಲೂ ಈಗ ಗೊತ್ತಾಯಿತು. ಅವೆಲ್ಲ ಕನ್ನಡದ ಎಡ ಅರ್ಧಗಳು, ತಮ್ಮ ಹಳೇ ಚಿತ್ರದಲ್ಲಿ.

ಎರರ್ 200

ಮುಂದಿನದು ಪಟ್ಟಿ ಪ್ರಿಂಟ್. ಸುಮ್ನೆ ಒಂದು ಪರೀಕ್ಷೆ ಅಂತ ಬೇರೆ ಯಾರದೋ ಖಾತೆ ತೆಗೆದು ಪ್ರಿಂಟ್ ಒತ್ತಿದೆ. ಪರದೆಯ ಕೆಳಗೆ 'ರನ್‌ಟೈಮ್ ಎರರ್ 200' ಅಂತ ಬಂದು ನಿಂತಿತು. 200 ಅಂದರೆ ಸೊನ್ನೆಯಿಂದ ಭಾಗಿಸಿದ್ದೀರಿ ಎಂದರ್ಥ. ಪ್ರಿಂಟ್ ಮಾಡುವುದರಲ್ಲಿ ಸೊನ್ನೆ ಎಲ್ಲಿಂದ ಬಂತು?

ಇದು ಟರ್ಬೋ ಪ್ಯಾಸ್ಕಲ್‌ನ ಹಳೇ ಕಾಯಿಲೆ. ಒಂದು ಮಿಲಿಸೆಕೆಂಡ್ ಕಾಯುವುದೆಂದರೆ ಎಷ್ಟು ಸಲ ಸುತ್ತಬೇಕು ಅಂತ ತಿಳಿಯಲು ಪ್ರೋಗ್ರಾಂ ಶುರುವಿನಲ್ಲೇ ಕಂಪ್ಯೂಟರಿನ ವೇಗ ಅಳೆಯುತ್ತದೆ. ಪಿಸಿಯ ಗಡಿಯಾರ ಸೆಕೆಂಡಿಗೆ 18.2 ಸಲ ಬಡಿಯುತ್ತದೆ, ಅಂದರೆ ಒಂದು ಬಡಿತಕ್ಕೆ ಸುಮಾರು 55 ಮಿಲಿಸೆಕೆಂಡ್. ಅಷ್ಟರಲ್ಲಿ ಎಷ್ಟು ಸುತ್ತು ಬಂತು ಅಂತ ಎಣಿಸಿ 55ರಿಂದ ಭಾಗಿಸುತ್ತದೆ. ಬಂದ ಉತ್ತರ 65,535ರ ಒಳಗಿರಬೇಕು, ಅದಕ್ಕಿಂತ ದೊಡ್ಡದಿದ್ದರೆ ಅದನ್ನಿಡುವ 16 ಬಿಟ್ ಜಾಗದಲ್ಲಿ ಹಿಡಿಸುವುದಿಲ್ಲ. ಲೆಕ್ಕ ಹಾಕಿದರೆ ಒಂದು ಬಡಿತಕ್ಕೆ ಸುಮಾರು 36 ಲಕ್ಷ ಸುತ್ತು ಮಿತಿ. 486ಕ್ಕೆ ಅದು ಕನಸಿನ ಮಾತು. ಪೆಂಟಿಯಂ 2 ಬಂದ ಕಾಲಕ್ಕೆ ಮಿತಿ ದಾಟಿ ಹೋಯಿತು. ಭಾಗಾಕಾರದ ಉತ್ತರ ಹಿಡಿಸದಿದ್ದರೂ ಚಿಪ್ ಕೂಗುವುದು ಸೊನ್ನೆಯಿಂದ ಭಾಗಿಸಿದಾಗಿನ ಕೂಗನ್ನೇ. ಪ್ಯಾಸ್ಕಲ್ ಅದನ್ನು 200 ಅಂತ ಹೇಳುತ್ತದೆ.

ಆದರೆ ಡಾಸ್‌ಬಾಕ್ಸ್ ನಿಧಾನ ಅಲ್ವಾ? ಅದು ಸಾಮಾನ್ಯ ಡಾಸ್ ಪ್ರೋಗ್ರಾಮಿಗೆ ಮಿಲಿಸೆಕೆಂಡಿಗೆ 3000 ಆದೇಶ ಅಂತ ಮಿತವಾಗಿಯೇ ನಡೆಯುತ್ತದೆ. ಪ್ರೋಗ್ರಾಂ 386ರ ಪ್ರೊಟೆಕ್ಟೆಡ್ ಮೋಡಿಗೆ ಹೋದರೆ ಮಾತ್ರ, 'ಇದ್ಯಾವುದೋ ದೊಡ್ಡದು' ಅಂದುಕೊಂಡು ಪೂರ್ತಿ ವೇಗ ಬಿಡುತ್ತದೆ. ಫಾಕ್ಸ್‌ಪ್ರೋದ ದೊಡ್ಡ ಆವೃತ್ತಿ ಹೋಗುವುದು ಅಲ್ಲಿಗೇ. ಪ್ರಿಂಟಿನ ಪ್ರೋಗ್ರಾಮನ್ನು ಅದು ಒಳಗಿಂದ ಕರೆಯುವ ಹೊತ್ತಿಗೆ ಯಂತ್ರ ನಾಗಾಲೋಟದಲ್ಲಿರುತ್ತದೆ. ಪ್ರಿಂಟನ್ನು ಬೇರೆಯಾಗಿ ನಡೆಸಿದರೆ ಸರಿ, ಒಳಗಿಂದ ಕರೆದರೆ ಎರರ್. ಇದು ತಿಳಿಯುವವರೆಗೆ ಒಂದು ರಾತ್ರಿ ಹೋಯಿತು.

ವೇಗವನ್ನು 20,000ಕ್ಕೆ ಕಟ್ಟಿ ಹಾಕಿದೆ. 486ರ ಕಾಲದ ಆಸುಪಾಸು ಅಂತ ಇಟ್ಟುಕೊಳ್ಳಿ. ಎರರ್ ಹೋಯಿತು. ವರ್ಚುಯಲ್‌ಬಾಕ್ಸ್ ಎಂಬ ವರ್ಚುಯಲ್ ಮಷೀನಿನಲ್ಲಿ, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರಿನಲ್ಲಿ, ಫ್ರೀಡಾಸ್ ಎಂಬ ಉಚಿತ ಡಾಸ್ ಹಾಕಿಯೂ ನೋಡಿದ್ದೆ, ಅಲ್ಲೂ ಇದೇ 200. ಅಲ್ಲಿ ಪ್ರೋಗ್ರಾಂ ನಡೆಯುವುದು ಇವತ್ತಿನ ಚಿಪ್ಪಿನ ಮೇಲೆ ನೇರವಾಗಿ, ಅದರದೇ ವೇಗದಲ್ಲಿ. ಇಂಥ ಕೆಲಸಕ್ಕೆ ವರ್ಚುಯಲ್ ಮಷೀನ್ ಸಾಕು ಅನ್ನುವವರಿಗೆ ನನ್ನ ತಕರಾರು ಇದು: ಹಳೇ ಪ್ರೋಗ್ರಾಮಿಗೆ ಎಷ್ಟೋ ಸಲ ಹಳೇ ನಿಧಾನವೂ ಬೇಕು.

ಪ್ರಿಂಟರ್ ಅಂತೂ ಇಲ್ಲ. ಒಂಬತ್ತು ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಗುಜರಿಗೆ ಹೋಗಿ ಯಾವ ಕಾಲವಾಯಿತು. ಹುಡುಗ ಕನ್ನಡವನ್ನು ಅದಕ್ಕೆ ಅಕ್ಷರವಾಗಿ ಅಲ್ಲ, ಚುಕ್ಕಿಗಳಾಗಿ ಕಳಿಸುತ್ತಿದ್ದ. ಡಾಸ್‌ಬಾಕ್ಸ್‌ನಿಂದ ಕವಲೊಡೆದ ಡಾಸ್‌ಬಾಕ್ಸ್-ಎಕ್ಸ್ ಅಂತ ಒಂದಿದೆ, ಅದರಲ್ಲಿ ಎಪ್ಸನ್ ಥರದ ಪ್ರಿಂಟರಿನ ನಟನೆಯೂ ಇದೆ. ಪ್ರೋಗ್ರಾಂ ಪ್ರಿಂಟರಿಗೆ ಕಳಿಸಿದ್ದನ್ನು ಅದು ಒಂದು ಚಿತ್ರದ ಫೈಲಾಗಿ ಉಳಿಸುತ್ತದೆ. ಎಲ್ಲವನ್ನೂ ಅದಕ್ಕೇ ಬದಲಿಸಿಕೊಂಡೆ. ಮೊದಲ ಪಟ್ಟಿ ಬಂದಾಗ ಮಾವ ಓದಿದರು: ರಾಶಿ, ಬೆಟ್ಟೆ, ಗೊರಬಲು, ಕೆಂಪುಗೋಟು. ಸಾಲಾಗಿ ತೂಕ, ದರ. "ನಮ್ಮದೇ ಪಟ್ಟಿ" ಅಂದರು.

ಇಲ್ಲದ ಖಾತೆ

ಆಮೇಲೆ ಚೀಟಿ ತಂದಿದ್ದ ಹುಡುಗನ ಅಪ್ಪನ ಹೆಸರು ಹೊಡೆದೆವು. 'ಖಾತೆ ಇಲ್ಲ' ಅಂತ ಬಂತು. ಹೆಸರಿನ ಕಾಗುಣಿತ ಬದಲಿಸಿದೆವು, ಊರಿನ ಹೆಸರಿನಿಂದ ಹುಡುಕಿದೆವು. ಇಲ್ಲ. ಚೀಟಿಯ ತಾರೀಕಿನ ದಿನ ತೆಗೆದರೆ ಆವತ್ತಿನ ಬೇರೆ ಮುಂಗಡಗಳೆಲ್ಲ ಇವೆ, ಇದೊಂದಿಲ್ಲ.

ಮಾವನ ಮುಖ ಸಣ್ಣದಾಯಿತು. ತಾವೇ ಕೈಯಾರೆ ಬರೆದ ಚೀಟಿ, ತಮ್ಮ ಲೆಕ್ಕದಲ್ಲೇ ಇಲ್ಲ ಅಂದರೆ? ಮಂಡಿಯ ರೈಟರು ಮೆಲ್ಲಗೆ "ಆವಾಗ ಖಾತೆ ಮುಗಿದವರದ್ದು ತೆಗೀತಿದ್ವಲ್ಲ ಅಣ್ಣ" ಅಂದರು. ನನಗೆ ತಲೆಯಲ್ಲಿ ದೀಪ ಹತ್ತಿದ್ದು ಆಗ.

ಫಾಕ್ಸ್‌ಪ್ರೋದ ಡೇಟಾ ಫೈಲ್ ಬಹಳ ಸರಳ. ಮೊದಲು ಒಂದು ತಲೆಬರಹ, ಆಮೇಲೆ ಒಂದೇ ಅಳತೆಯ ಸಾಲುಗಳು. ಪ್ರತಿ ಸಾಲಿನ ಮೊದಲ ಬೈಟ್ ಒಂದು ಗುರುತು. ಖಾಲಿ ಜಾಗ ಇದ್ದರೆ, ಅಂದರೆ 32, ಸಾಲು ಚಾಲ್ತಿಯಲ್ಲಿದೆ. ನಕ್ಷತ್ರ ಇದ್ದರೆ, ಅಂದರೆ 42, ಅಳಿಸಿದ್ದಾರೆ. ಅಳಿಸುವುದು ಅಂದರೆ ಅಷ್ಟೇ, ಒಂದು ನಕ್ಷತ್ರ ಹಾಕುವುದು. 'ಪ್ಯಾಕ್' ಎಂಬ ಆದೇಶ ಕೊಡುವವರೆಗೂ ಸಾಲು ಅಲ್ಲೇ ಇರುತ್ತದೆ. ಅಳಿಸಿದ್ದನ್ನು ತೋರಿಸಬೇಡ ಅಂತ ಪ್ರೋಗ್ರಾಮಿಗೆ ಹೇಳಿದ್ದರೆ ಅದು ತೋರಿಸುವುದಿಲ್ಲ. ನಾನು ನಾಲ್ಕು ವಾರ ಕಷ್ಟಪಟ್ಟು ಎಬ್ಬಿಸಿದ ಪ್ರೋಗ್ರಾಂ ನಂಬಿಕೆಯ ಆಳಿನ ಹಾಗೆ ಹಳೇ ಯಜಮಾನನ ಮಾತನ್ನೇ ಪಾಲಿಸುತ್ತಿತ್ತು.

ಅದಕ್ಕೇ ಹೇಳುವುದು, ಇಂಥ ಕೆಲಸದಲ್ಲಿ ಎಮ್ಯುಲೇಟರ್ ಒಂದನ್ನೇ ನೆಚ್ಚಬಾರದು. ಅದು ತೋರಿಸುವುದು ಪ್ರೋಗ್ರಾಮಿನ ಕಣ್ಣಿಗೆ ಬಿದ್ದದ್ದನ್ನು. ಫೈಲಿನಲ್ಲಿರುವುದು ಅದಕ್ಕಿಂತ ಜಾಸ್ತಿ ಇರಬಹುದು. ಹಾಗಂತ ಡೇಟಾ ಎತ್ತಿಕೊಂಡು ಬಂದು ಪ್ರೋಗ್ರಾಂ ಬಿಸಾಡಿದರೂ ಕೆಲಸ ಕೆಡುತ್ತದೆ. ಕನ್‌ಫಾಂಟ್ ಇಲ್ಲದೆ ಆ ಫೈಲಿನಲ್ಲಿ ಒಂದು ಹೆಸರೂ ಓದಲು ಬರುತ್ತಿರಲಿಲ್ಲ.

ಪೈಥಾನ್‌ನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದೆ. ಫಾಂಟಿನ 128 ಮನೆಗಳಿಗೆ ಯಾವ ಕನ್ನಡ ಅಕ್ಷರದ ಯಾವ ಅರ್ಧ ಅಂತ ಕೂತು ಕೋಷ್ಟಕ ಮಾಡಿದೆ. ಇದರಲ್ಲಿ ಅತ್ತೆಯ ಸಹಾಯ ದೊಡ್ಡದು. ನನಗೆ ಅರ್ಥವಾಗದ ಎಷ್ಟೋ ಅರ್ಧಗಳನ್ನು ಅವರು ಹಳೇ ಪಟ್ಟಿ ಓದಿದ ಅಭ್ಯಾಸದ ಮೇಲೆ ಥಟ್ಟನೆ ಹೇಳಿದರು. ನಕ್ಷತ್ರ ಇರುವ ಸಾಲುಗಳನ್ನಷ್ಟೇ ತೆಗೆದು, ಇವತ್ತಿನ ಕಂಪ್ಯೂಟರುಗಳು ಕನ್ನಡ ಬರೆದಿಡುವ ಯೂನಿಕೋಡಿಗೆ ಬದಲಿಸಿದೆ. ಮುನ್ನೂರಕ್ಕೂ ಜಾಸ್ತಿ ಖಾತೆ ಬಂತು. ಯಾರೂ ಯಾವತ್ತೂ ಪ್ಯಾಕ್ ಮಾಡಿರಲಿಲ್ಲ. ಹುಡುಗ ಮೆನುವಿನಲ್ಲಿ ಅದನ್ನು ಇಟ್ಟೇ ಇರಲಿಲ್ಲ, ಮರೆತನೋ ಬೇಕಂತಲೇ ಬಿಟ್ಟನೋ.

ಆ ರೈತರ ಹೆಸರು ಅದರಲ್ಲಿತ್ತು.

ಆದರೆ ನನ್ನ ಪೈಥಾನ್ ಕಾಗದ ತೋರಿಸಿದರೆ ಅಣ್ಣತಮ್ಮಂದಿರು ಒಪ್ಪಬೇಕಲ್ಲ? ಬೆಂಗಳೂರಿನ ಅಳಿಯ ಏನೋ ಟೈಪ್ ಮಾಡಿ ತಂದ ಅನ್ನಬಹುದು. ಮಂಡಿಯ ಪಟ್ಟಿಯೇ ಬೇಕು. ಡೇಟಾದ ಇನ್ನೊಂದು ನಕಲು ಮಾಡಿದೆ. ಖಾತೆಯ ಒಂದು ಸಾಲು, ವಹಿವಾಟಿನ 63 ಸಾಲು, ಅಷ್ಟರಲ್ಲೂ ಮೊದಲ ಬೈಟನ್ನು 42ರಿಂದ 32 ಮಾಡಿದೆ. ಬೇರೇನನ್ನೂ ಮುಟ್ಟಲಿಲ್ಲ. ಎಮ್ಯುಲೇಟರ್ ಎಬ್ಬಿಸಿದೆ. ಮಾವ ತಾವೇ ಕೂತು ಒತ್ತಿದರು. 3, ಎಂಟರ್, 1, ಎಂಟರ್, ಹೆಸರು. ಖಾತೆ ಬಂತು.

ಮುಂಗಡ 40,000 ಇದೆ. ಅದೇ ತಾರೀಕು. ಎರಡು ಸುಗ್ಗಿಯ ಅಡಿಕೆಯಲ್ಲಿ ಐದು ಕಂತಾಗಿ ಮುರಿದುಕೊಂಡಿದ್ದಾರೆ. 2003ರ ಮಾರ್ಚಿನಲ್ಲಿ ಬಾಕಿ ಸೊನ್ನೆ. ಅದರ ಕೆಳಗೆ ಏನೂ ಇಲ್ಲ.

ಮುಂದಿನ ಭಾನುವಾರ ಹುಡುಗ ಅಣ್ಣನನ್ನು ಕರೆದುಕೊಂಡು ಬಂದ. ಅಪ್ಪನ ಟ್ರಂಕಿನಿಂದ ಅದೇ ಕಾಲದ ಬೇರೊಂದು ಪಟ್ಟಿಯನ್ನೂ ತಂದಿದ್ದ, ಮಾಸಿದ್ದು, ಅಂಚಿನಲ್ಲಿ ತೂತುಗಳಿರುವ ಕಾಗದ. ನಾವು ಲೇಸರ್ ಪ್ರಿಂಟರಿನಲ್ಲಿ ತೆಗೆದದ್ದನ್ನು ಪಕ್ಕದಲ್ಲಿಟ್ಟೆವು. ಅಣ್ಣ ಮಾತಾಡದೆ ಎರಡನ್ನೂ ನೋಡಿದ. ಆಮೇಲೆ ಬೆರಳಿಟ್ಟು ತೋರಿಸಿದ: 'ಕೆಂಪುಗೋಟು', 'ಒಟ್ಟು', 'ಬಾಕಿ'. 'ಒಟ್ಟು'ವಿನ ಒತ್ತು ಎರಡರಲ್ಲೂ ಕೆಳಗಿಲ್ಲದೆ ಪಕ್ಕದಲ್ಲಿ ಕೂತಿತ್ತು. "ಅದೇ" ಅಂದ. ಮೂರು ಪ್ರತಿ ತೆಗೆದುಕೊಂಡು, ಕಾಫಿ ಕುಡಿದು ಹೋದರು.

ನಾನು ಲ್ಯಾಪ್‌ಟಾಪ್ ಮುಚ್ಚುವಾಗ ಮಾವ ಹತ್ತಿರ ಬಂದರು.

"ಆ ನಕ್ಷತ್ರ ವಾಪಸ್ ಹಾಕಿಬಿಡೋ."

"ಇದು ನಕಲು ಮಾವ, ಅಸಲಿನಲ್ಲಿ ನಕ್ಷತ್ರ ಹಾಗೇ ಇದೆ."

"ಇದ್ರಲ್ಲೂ ಹಾಕು. ಮುಗಿದ ಖಾತೆ ಅದು."

ಮತ್ತೆ ತೆಗೆದು 64 ಸಾಲಿನಲ್ಲೂ 42 ಬರೆದೆ.